ನಟ್ಟಿನ ಬೆಲೆ ನೋಡಿ ಪಾನಾ ಕೊಳ್ಳಿ: ಸಾದಾ ಉಪಕರಣ ಎಲ್ಲಿ ಸಾಕು, ಪ್ರೊಫೆಷನಲ್ ಎಲ್ಲಿ ಬೇಕು

13ರ ರಿಂಗ್ ಪಾನಾ, ಅಂದರೆ 13 ಮಿ.ಮೀ. ನಟ್ಟನ್ನು ಬಳೆಯಂತೆ ಸುತ್ತ ಹಿಡಿಯುವ ಸ್ಪ್ಯಾನರ್, ಕೊಡಿ ಎಂದು ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದರೆ ಕೌಂಟರಿನ ಮೇಲೆ ಎರಡು ಬಗೆಯ ಮಾಲು ಬಂದು ಬೀಳುತ್ತದೆ, ಮೂರನೆಯದನ್ನು ‘ಬೇಕಂದ್ರೆ ತರಿಸಿಕೊಡ್ತೀವಿ’ ಎನ್ನುತ್ತಾರೆ. ಮೊದಲನೆಯದು ಹೆಸರಿದ್ದೂ ಇಲ್ಲದಂಥದ್ದು. ಸಂತೆಯಲ್ಲಿ ತಾಡಪತ್ರಿ ಹಾಸಿ ರಾಶಿ ಹಾಕಿಕೊಂಡು ಕೂತವರ ಬಳಿಯೂ ಸಿಗುತ್ತದೆ. ಎರಡನೆಯದು ತಪಾರಿಯಾ, ಈಸ್ಟ್‌ಮನ್ ಥರದ ದೇಶಿ ಕಂಪನಿಗಳ ಸಾದಾ ದರ್ಜೆ. ಈ ಭಾಗದ ಗ್ಯಾರೇಜು, ರೈಸ್ ಮಿಲ್ಲು, ಮೋಟಾರ್ ರಿವೈಂಡಿಂಗ್ ಅಂಗಡಿಗಳ ಗೋಡೆಗೆ ನೇತಾಡುವುದೆಲ್ಲ ಹೆಚ್ಚುಕಡಿಮೆ ಇದೇ. ಮೂರನೆಯದು ಕ್ನಿಪೆಕ್ಸ್, ವೇರಾ, ಬಾಕೋ, ಸ್ಟಾಲ್‌ವಿಲ್ಲೆ ಮುಂತಾದ ಹೊರದೇಶದ ಪ್ರೊಫೆಷನಲ್ ದರ್ಜೆ. ಎರಡನೆಯದಕ್ಕೂ ಮೂರನೆಯದಕ್ಕೂ ಬೆಲೆಯಲ್ಲಿ ಕೆಲವು ಕಡೆ ಐದಾರು ಪಟ್ಟು ಅಂತರ.

ಮೊದಲ ಬಗೆಯ ಮಾತು ಇಲ್ಲಿಗೇ ಸಾಕು. ಮಳೆಗಾಲದಲ್ಲಿ ಒಮ್ಮೆ ಸೈಕಲ್ಲಿನ ಮಡ್‌ಗಾರ್ಡ್ ಬಿಗಿಯಲು ಬಂದೀತು, ಅದಕ್ಕಿಂತ ಹೆಚ್ಚಿನದಕ್ಕಲ್ಲ. ತೀರ್ಮಾನ ಮಾಡಬೇಕಾದದ್ದು ಎರಡು ಮತ್ತು ಮೂರರ ನಡುವೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಒಂದು ಪಾನಾದ ಬೆಲೆಯನ್ನು ಇನ್ನೊಂದು ಪಾನಾದ ಬೆಲೆಯ ಪಕ್ಕ ಇಟ್ಟು ನೋಡುವುದು. ಪಕ್ಕದಲ್ಲಿ ಇಡಬೇಕಾದದ್ದು ಆ ಪಾನಾ ಮುಟ್ಟುವ ನಟ್ಟಿನ ಬೆಲೆಯನ್ನು. ನಟ್ಟು ಐದು ರೂಪಾಯಿಯದೇ ಇರಬಹುದು. ಅದರ ಮೂಲೆ ಸವೆದು ಗುಂಡಾದ ಮೇಲೆ ಅದನ್ನು ಹೊರಗೆ ತೆಗೆಯಲು ಹಿಡಿಯುವ ಹೊತ್ತು, ವೆಲ್ಡಿಂಗಿನವನ ಕೂಲಿ, ಅಷ್ಟು ಹೊತ್ತು ನಿಂತ ಯಂತ್ರ, ಇಷ್ಟೂ ಸೇರಿದ್ದು ನಟ್ಟಿನ ನಿಜವಾದ ಬೆಲೆ. ಸಿಂಧನೂರಿನ ಗದ್ದೆಯಲ್ಲಿ ಕೊಯ್ಲಿನ ದಿನ ನಿಂತ ಕಂಬೈನ್ ಹಾರ್ವೆಸ್ಟರಿನ ಒಂದು ನಟ್ಟಿಗೂ ಮನೆಯ ಗೇಟಿನ ಒಂದು ನಟ್ಟಿಗೂ ಬೆಲೆ ಒಂದೇ ಅಲ್ಲ. ಹಾಗಾಗಿ ಒಂದೇ ಮನುಷ್ಯನ ಪೆಟ್ಟಿಗೆಯಲ್ಲಿ ಎರಡೂ ದರ್ಜೆ ಇರುವುದೇ ಸರಿ. ಇಡೀ ಪೆಟ್ಟಿಗೆಯನ್ನು ಪ್ರೊಫೆಷನಲ್ ಮಾಡಿಸಿಕೊಳ್ಳುವುದು ದುಡ್ಡಿನ ದಂಡ.

ಇನ್ನೊಂದು ಮಾತು. ಡಬ್ಬದ ಮೇಲೆ ‘ಪ್ರೊಫೆಷನಲ್’ ಎಂದು ಅಚ್ಚು ಹಾಕಿಸಲು ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ‘ಕ್ರೋಮ್ ವೆನೇಡಿಯಂ’ (ಗಟ್ಟಿ ಮಿಶ್ರ ಉಕ್ಕಿನ ಹೆಸರು) ಎಂಬ ಅಚ್ಚೂ ಈಗ ತಾಡಪತ್ರಿಯ ಮೇಲಿನ ಮಾಲಿನಲ್ಲೂ ಕಾಣುತ್ತದೆ. ಇವುಗಳಿಗಿಂತ ನಂಬಬಹುದಾದದ್ದು ಐಎಸ್ (ಭಾರತೀಯ ಮಾನಕ) ಸಂಖ್ಯೆ: ಬಾಯಿ ತೆರೆದ ಫಿಕ್ಸ್ ಪಾನಾಕ್ಕೆ 2028, ರಿಂಗ್ ಪಾನಾಕ್ಕೆ 2029, ಸ್ಕ್ರೂ ಡ್ರೈವರಿಗೆ 844, ಕಟಿಂಗ್ ಪ್ಲೈಯರಿಗೆ 3650, ಪೈಪ್ ರೆಂಚಿಗೆ 4003. ಒಳ್ಳೆಯ ದೇಶಿ ಕಂಪನಿಗಳ ಸಾದಾ ದರ್ಜೆ ಈ ಸಂಖ್ಯೆಗಳ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ‘ಸಾದಾ’ ಅಂದಕೂಡಲೇ ಕಳಪೆ ಎಂದುಕೊಳ್ಳಬೇಡಿ.

ಪಾನಾ: ಬಾಯಿ ನೋಡಿ, ಹೊಳಪು ನೋಡಬೇಡಿ

ಅಂಗಡಿಯವರಲ್ಲಿ ಒಂದು ಆಟವಿದೆ. ಪಾನಾವನ್ನು ಕಲ್ಲುಹಾಸಿನ ಮೇಲೆ ಬೀಳಿಸಿ ಠಣ್ ಎನ್ನಿಸಿ ‘ಕೇಳ್ರಿ, ಎಂಥಾ ಮಾಲು’ ಎನ್ನುತ್ತಾರೆ. ಆ ಸದ್ದು ಎರಕದ ಕಬ್ಬಿಣವನ್ನೂ ಬಡಿದು ಮಾಡಿದ ಉಕ್ಕನ್ನೂ ಬೇರೆ ಮಾಡೀತು ಅಷ್ಟೇ. ಬಾಯಿಯ ಅಳತೆ ಸರಿಯಿದೆಯೇ ಎಂಬುದನ್ನು ಹೇಳುವುದಿಲ್ಲ, ಪಾನಾದ ಪ್ರಾಣ ಇರುವುದೇ ಬಾಯಿಯಲ್ಲಿ.

ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟಿನ ತಲೆ 13 ಮಿ.ಮೀ. ಎನ್ನುತ್ತೇವೆ. ಅಸಲಿಗೆ ಅದು 13.00 ದಾಟಬಾರದು, 12.73ರವರೆಗೆ ಕಡಿಮೆ ಇರಬಹುದು. ಪಾನಾದ ಬಾಯಿ 13ಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಲೇಬೇಕು, ಇಲ್ಲದಿದ್ದರೆ ತಲೆಗೆ ಕೂರುವುದಿಲ್ಲ. ಆ ಕೂದಲೆಳೆ ಎಷ್ಟು ಎಂಬುದರಲ್ಲೇ ದರ್ಜೆಯ ವ್ಯತ್ಯಾಸ ಕಾಣುವುದು. ಜೇಬಿನಲ್ಲಿ ಹೊಸ ಎಂ8 ಬೋಲ್ಟೊಂದನ್ನು ಇಟ್ಟುಕೊಂಡು ಅಂಗಡಿಗೆ ಹೋಗಿ. ಬೋಲ್ಟನ್ನು ಗಟ್ಟಿಯಾಗಿ ಹಿಡಿದು ಪಾನಾ ಕೂರಿಸಿ, ಅದರ ಬಾಲವನ್ನು ಆಚೀಚೆ ಆಡಿಸಿ. ಸುಮಾರು 17 ಸೆಂ.ಮೀ. ಉದ್ದದ ಪಾನಾದ ಬಾಲ ಕಚ್ಚಿಕೊಳ್ಳುವ ಮೊದಲು ಒಟ್ಟು ಒಂದೂವರೆ ಸೆಂ.ಮೀ. ಒಳಗೆ ಆಡಿದರೆ ಒಳ್ಳೆಯ ಬಾಯಿ. ಎರಡೂವರೆ ಸೆಂ.ಮೀ. ಆಡಿದರೆ ಅಲ್ಲಿಯೇ ವಾಪಸ್ ಕೊಡಿ, ಬ್ರ್ಯಾಂಡ್ ಯಾವುದೇ ಇರಲಿ. ಅದೇ ಬೋಲ್ಟಿಗೆ ಸಾದಾ, ಪ್ರೊಫೆಷನಲ್ ಎರಡನ್ನೂ ಕೂರಿಸಿ ನೋಡಿದರೆ ಡಬ್ಬ ಓದುವ ಕೆಲಸವೇ ಉಳಿಯುವುದಿಲ್ಲ.

ಆಟ ಹೆಚ್ಚಿದ್ದರೆ ಏನಾಗುತ್ತದೆ? ಪಾನಾ ತಲೆಯ ಚಪ್ಪಟೆ ಮೈಯನ್ನು ಬಿಟ್ಟು ಮೂಲೆಯನ್ನಷ್ಟೇ ತಳ್ಳುತ್ತದೆ. ಮೂಲೆ ಮೊದಲು ಮಸುಕಾಗುತ್ತದೆ, ಎರಡನೆಯ ಸಲಕ್ಕೆ ಉರುಟಾಗುತ್ತದೆ, ಮೂರನೆಯ ಸಲಕ್ಕೆ ಪಾನಾ ಜಾರಿ ಕೈ ಬೆರಳು ಚಾಸಿಗೆ ಬಡಿಯುತ್ತದೆ. ಒಳ್ಳೆಯ ಪ್ರೊಫೆಷನಲ್ ರಿಂಗುಗಳಲ್ಲಿ ಒಳಮೂಲೆಯನ್ನು ಸ್ವಲ್ಪ ಅಗಲಿಸಿ, ಒತ್ತಡ ಮೂಲೆಯ ಬದಲು ಮೈಮೇಲೆ ಬೀಳುವ ಹಾಗೆ ಮಾಡಿರುತ್ತಾರೆ. ಅರ್ಧ ಸವೆದ ತಲೆಯನ್ನೂ ಅವು ಹಿಡಿಯುತ್ತವೆ. ಇನ್ನೊಂದು ಲಾಭ ರಿಂಗಿನ ಗೋಡೆಯದು. ಉಕ್ಕು ಗಟ್ಟಿಯಿದ್ದಾಗ ಗೋಡೆಯನ್ನು ತೆಳ್ಳಗೆ ಮಾಡಬಹುದು, ಆಗ ಪಂಪಿನ ಫ್ಲ್ಯಾಂಜಿನ ಸಂದಿಯಲ್ಲೂ ರಿಂಗ್ ಇಳಿಯುತ್ತದೆ. ಸಾದಾ ರಿಂಗ್ ಅಂಥ ಕಡೆ ತಡೆದು ನಿಲ್ಲುತ್ತದೆ, ಜನ ಅದನ್ನು ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡುತ್ತಾರೆ, ಆ ಬಿಸಿಗೆ ಹದ ಹೋಗಿ ರಿಂಗ್ ಬಿರಿಯುತ್ತದೆ.

ಫಿಕ್ಸ್ ಪಾನಾ ಎರಡೇ ಮೈಗಳನ್ನು ಹಿಡಿಯುವುದರಿಂದ ಭಾರ ಬಿದ್ದಾಗ ಬಾಯಿ ಹಿಗ್ಗುತ್ತದೆ. ಸಾದಾ ದರ್ಜೆಯಲ್ಲಿ ಹಿಗ್ಗಿದ್ದು ಪೂರ್ತಿ ವಾಪಸ್ ಬರುವುದಿಲ್ಲ, ವರ್ಷದಲ್ಲಿ 13ರ ಪಾನಾ 13.4 ಆಗಿ ಕೂರುತ್ತದೆ. ಮೊದಲ ಸಡಿಲಿಕೆಗೆ, ಕೊನೆಯ ಬಿಗಿತಕ್ಕೆ ರಿಂಗ್; ನಡುವೆ ತಿರುಗಿಸಲು ಫಿಕ್ಸ್: ಇದನ್ನು ಪಾಲಿಸುವವರಿಗೆ ಫಿಕ್ಸ್ ಪಾನಾ ಸಾದಾ ದರ್ಜೆಯದೇ ಸಾಕು, ದುಡ್ಡು ಹಾಕಬೇಕಾದದ್ದು ರಿಂಗಿಗೆ.

ಬಲದ ಲೆಕ್ಕವನ್ನೂ ನೋಡಿ. 8.8 ದರ್ಜೆಯ (ಇದು ಬೋಲ್ಟಿನ ಉಕ್ಕಿನ ಬಲ ಹೇಳುವ ಅಂಕಿ) ಎಂ8 ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಬಿಗಿತ ಸಾಕು. 17 ಸೆಂ.ಮೀ. ಪಾನಾದಲ್ಲಿ ಅದು ಸುಮಾರು 15 ಕೆ.ಜಿ. ಎಳೆತ. ಎಂ12ಕ್ಕೆ ಸುಮಾರು 85 ನ್ಯೂಟನ್ ಮೀಟರ್, 23 ಸೆಂ.ಮೀ. ಪಾನಾದಲ್ಲಿ 37–38 ಕೆ.ಜಿ. ಪಾನಾದ ಉದ್ದವನ್ನು ಈ ಲೆಕ್ಕದ ಮೇಲೆಯೇ ಇಟ್ಟಿರುವುದು. ಅದರ ಬಾಲಕ್ಕೆ ಎರಡಡಿ ಪೈಪ್ ತೂರಿಸಿ 40 ಕೆ.ಜಿ. ಎಳೆದರೆ ಎಂ12ರ ಮೇಲೆ 230 ನ್ಯೂಟನ್ ಮೀಟರ್ ದಾಟುತ್ತದೆ. ಪಾನಾ ಗಟ್ಟಿ ಇದ್ದರೆ ಬೋಲ್ಟು ಮುರಿಯುತ್ತದೆ, ಬೋಲ್ಟು ಗಟ್ಟಿ ಇದ್ದರೆ ಪಾನಾ. ಪೈಪ್ ಹಾಕಲೇಬೇಕಾದ ನಟ್ಟಿಗೆ ಹಿಂದಿನ ಸಂಜೆಯೇ ಡೀಸೆಲ್ಲು ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಸುತ್ತಿಗೆಯಿಂದ ನಟ್ಟಿನ ಮೈಗೆ ನಾಲ್ಕು ಏಟು ಕೊಟ್ಟು, ಆಮೇಲೆ ಉದ್ದ ಹಿಡಿಯ ಸಾಕೆಟ್ (ನಟ್ಟನ್ನು ಟೊಪ್ಪಿಗೆಯಂತೆ ಮುಚ್ಚಿ ಹಿಡಿಯುವುದು) ಬಳಸಿ.

ಸೆಟ್ ಕೊಳ್ಳಬೇಕೋ ಬಿಡಿಯೋ? ಬಿಡಿಯಾಗಿ ಕೊಳ್ಳಿ. ಹನ್ನೆರಡರ ಸೆಟ್ಟಿನಲ್ಲಿ ಐದಾರು ಪಾನಾಗಳು ವರ್ಷಕ್ಕೊಮ್ಮೆಯೂ ಹೊರಬರುವುದಿಲ್ಲ. ಅಳತೆ ಆರಿಸುವಾಗ ನಮ್ಮ ಭಾಗದ ಗೊಂದಲವೊಂದನ್ನು ನೆನಪಿಡಿ. ಹಳೆಯ ಪದ್ಧತಿಯ ಎಂ10 ತಲೆ 17, ಎಂ12 ತಲೆ 19. ಹೊಸ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಪದ್ಧತಿಯಲ್ಲಿ ಅವೇ 16 ಮತ್ತು 18. ಜಪಾನಿ ಮೂಲದ ಬೈಕುಗಳಲ್ಲಿ ಎಂ8ಕ್ಕೆ 12, ಎಂ10ಕ್ಕೆ 14. ಹಳೆಯ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನಲ್ಲಿ ಇಂಚಿನ ಬೋಲ್ಟು. ಅರ್ಧ ಇಂಚಿನ ತಲೆ ಎಂದರೆ 12.7 ಮಿ.ಮೀ., ಅದಕ್ಕೆ 13ರ ಪಾನಾ ಹಾಕಿದವರೇ ಹೆಚ್ಚು, ಮೂಲೆ ಸವೆದ ಹಳೆಯ ಮ್ಯಾಸಿಗಳಿಗೆ ಅದೇ ಕಾರಣ. ಮುಕ್ಕಾಲು ಇಂಚು 19.05, ಅದಕ್ಕೆ ಮಾತ್ರ 19ರದ್ದು ನಡೆಯುತ್ತದೆ. ಹೀಗಾಗಿ ಬೈಕ್ ಗ್ಯಾರೇಜಿಗೆ 8, 10, 12, 14, 17; ಮಿಲ್ಲಿಗೆ 13, 16–17, 18–19, 24, 30. ಇದರಲ್ಲಿ 13, 17, 19 ಎರಡೆರಡು ಇರಲಿ. ಬೋಲ್ಟಿನ ತಲೆಯನ್ನು ಒಂದರಲ್ಲಿ ಹಿಡಿದು ನಟ್ಟನ್ನು ಇನ್ನೊಂದರಲ್ಲಿ ತಿರುಗಿಸಬೇಕಲ್ಲ. ಎರಡನೆಯದು ಇಲ್ಲದಾಗಲೇ ಸ್ಕ್ರೂ ಸ್ಪ್ಯಾನರ್ ಕೈಗೆ ಬಂದು ಮೂಲೆ ತಿನ್ನುವುದು. ಜೋಡಿಯಲ್ಲಿ ಒಂದು ಪ್ರೊಫೆಷನಲ್, ಇನ್ನೊಂದು ಸಾದಾ. ಹಿಡಿದು ನಿಲ್ಲಿಸುವ ಕೆಲಸಕ್ಕೆ ಸಾದಾ ಸಾಕು.

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳಲ್ಲಿ ಹೊಟ್ಟು ಬಿಡಿಸುವ ಯಂತ್ರದ ರಬ್ಬರ್ ರೋಲರುಗಳನ್ನು ಸೀಸನ್ನಿನಲ್ಲಿ ಮತ್ತೆ ಮತ್ತೆ ಬದಲಿಸುತ್ತಾರೆ. ಅವೇ ನಾಲ್ಕಾರು ಬೋಲ್ಟುಗಳನ್ನು ನೂರಾರು ಸಲ ಬಿಚ್ಚಿ ಬಿಗಿಯಬೇಕು. ಅಲ್ಲಿಗೆ ಇಡೀ ಸೆಟ್ ಬೇಡ, ಆ ಒಂದೇ ಅಳತೆಯ ಆರು ಮೂಲೆಯ ಒಳ್ಳೆಯ ಸಾಕೆಟ್ ಒಂದು ಕೊಂಡು ಯಂತ್ರದ ಪಕ್ಕದಲ್ಲೇ ಕಟ್ಟಿ ಹಾಕಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತಲೆಯನ್ನು ಹಿಡಿಯುವ ಜಾಗ ಕಡಿಮೆ.

ರ‍್ಯಾಚೆಟ್ಟಿನಲ್ಲಿ ಮಾತ್ರ ಬಳ್ಳಾರಿಯ ಲೆಕ್ಕವೇ ಬೇರೆ. ಅದು ಒಳಗೆ ಹಲ್ಲುಚಕ್ರ, ಕೊಕ್ಕೆ ಇರುವ ಸಾಕೆಟ್ಟಿನ ಹಿಡಿ, ನಟ್ಟಿನಿಂದ ಎತ್ತದೆಯೇ ಆಚೀಚೆ ಆಡಿಸಿ ತಿರುಗಿಸಬಹುದು. 72 ಹಲ್ಲಿನ ರ‍್ಯಾಚೆಟ್ಟನ್ನು 5 ಡಿಗ್ರಿ ತಿರುಗಿಸಿದರೆ ಮುಂದಿನ ಹಲ್ಲಿಗೆ ಹೋಗುತ್ತದೆ, 24 ಹಲ್ಲಿನದಕ್ಕೆ 15 ಡಿಗ್ರಿ ಬೇಕು. ಸಂದಿಗೊಂದಿಯ ಕೆಲಸಕ್ಕೆ 72 ಚೆನ್ನ, ಬೆಲೆಯೂ ಹೆಚ್ಚು. ಆದರೆ ಸಂಡೂರಿನ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳ ಸುತ್ತ ಕೆಲಸ ಮಾಡುವವರ ಉಪಕರಣದೊಳಗೆ ಅದಿರಿನ ಕೆಂಪು ಧೂಳು ಹೋಗದೆ ಇರುವುದಿಲ್ಲ. ಅದು ಬರೀ ಮಣ್ಣಲ್ಲ, ಉಜ್ಜುವ ಪುಡಿ. ಸಣ್ಣ ಹಲ್ಲಿನ ಬುಡದಲ್ಲಿ ಕೂತರೆ ಕೊಕ್ಕೆ ಪೂರ್ತಿ ಇಳಿಯುವುದಿಲ್ಲ, ಭಾರ ಬಿದ್ದಾಗ ಹಲ್ಲು ಹಾರಿ ಕೈ ತಪ್ಪುತ್ತದೆ. ಇಂಥ ಕಡೆ ದಪ್ಪ ಹಲ್ಲಿನ ಸಾದಾ ರ‍್ಯಾಚೆಟ್ಟೇ ಮೇಲು. ಗ್ರೀಸ್ ತುಂಬಬೇಡಿ, ಧೂಳನ್ನು ಅದೇ ಹಿಡಿದಿಡುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಿ. ಇಂಪ್ಯಾಕ್ಟ್ ಗನ್ (ಬಡಿಬಡಿದು ನಟ್ಟು ತಿರುಗಿಸುವ ಯಂತ್ರ) ಇರುವ ಟೈರ್ ಅಂಗಡಿಯವರಿಗೆ ಇನ್ನೊಂದು ಎಚ್ಚರಿಕೆ: ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಗನ್ನಿಗೆ ಹಾಕಬೇಡಿ, ಸಿಡಿದು ಚೂರಾಗುತ್ತದೆ. ಗನ್ನಿಗೆ ಕಪ್ಪು ಬಣ್ಣದ, ದಪ್ಪ ಗೋಡೆಯ ಕ್ರೋಮ್ ಮಾಲಿಬ್ಡಿನಂ ಸಾಕೆಟ್ಟೇ ಆಗಬೇಕು. ಇದರಲ್ಲಿ ಉಳಿತಾಯದ ಮಾತೇ ಬೇಡ.

ಕಟಿಂಗ್ ಪ್ಲೈಯರ್: ಸಾದಾ ಮತ್ತು ಪ್ರೊಫೆಷನಲ್ ನಡುವಿನ ದೊಡ್ಡ ಅಂತರ

ದರ್ಜೆಯ ಅಂತರ ಕೈಗೆ ನೇರವಾಗಿ ತಾಕುವುದು ಇಕ್ಕಳಗಳಲ್ಲಿ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಮೂರು. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ: ಕತ್ತರಿಸುವ ಅಲಗಿನಲ್ಲಿ ಬೆಳಕು ತೂರಬಾರದು. ತೆಳುವಾದ ಕಾಗದವನ್ನೋ ತಾಮ್ರದ ಒಂದೇ ಎಳೆಯನ್ನೋ ಅಲಗಿನ ತುದಿಯಲ್ಲಿ, ನಡುವಿನಲ್ಲಿ, ಬುಡದಲ್ಲಿ ಕತ್ತರಿಸಿ: ಮೂರೂ ಕಡೆ ಒಂದೇ ಹಾಗೆ ಕಡಿಯಬೇಕು, ಜಗಿಯಬಾರದು. ಹಿಡಿಗಳನ್ನು ಅಡ್ಡಕ್ಕೆ ತಿರುಚಿ: ರಿವೆಟ್ಟಿನಲ್ಲಿ ಆಟ ಇರಬಾರದು, ಹಾಗೆಂದು ತೆರೆಯಲು ಎರಡು ಕೈ ಬೇಕಾಗಲೂಬಾರದು.

ಸಾದಾ ಪ್ಲೈಯರ್ ತಾಮ್ರ, ಅಲ್ಯೂಮಿನಿಯಂ, ಕಂಬಿ ಕಟ್ಟುವ ತಂತಿ, ಬೇಲಿಯ ಜಿಐ ತಂತಿಗೆ ಧಾರಾಳವಾಗಿ ಸಾಕು. ಅದರಿಂದ ಸ್ಪ್ರಿಂಗ್ ತಂತಿ, ಕ್ಲಚ್ ಕೇಬಲ್ಲಿನ ಒಳ ತಂತಿ ಕತ್ತರಿಸಿದ ದಿನ ಅಲಗಿನಲ್ಲಿ ಅರ್ಧಚಂದ್ರದಂಥ ಗುಳಿ ಬೀಳುತ್ತದೆ. ಆಮೇಲೆ ತೆಳು ವೈರ್ ಆ ಗುಳಿಯೊಳಗೆ ಕೂತು ಕಡಿಯದೆ ಚಪ್ಪಟೆಯಾಗುತ್ತದೆ. ಒಳ್ಳೆಯ ಪ್ಲೈಯರುಗಳಲ್ಲಿ ಅಲಗನ್ನಷ್ಟೇ ಬೇರೆಯಾಗಿ ಕಾಯಿಸಿ 60 ರಾಕ್‌ವೆಲ್ (ಗಡಸುತನದ ಅಳತೆ) ಆಸುಪಾಸಿಗೆ ಹದ ಮಾಡಿರುತ್ತಾರೆ, ಉಳಿದ ಮೈ ಮೆತ್ತಗಿದ್ದು ಬಾಗಿ ತಡೆಯುತ್ತದೆ. ತಿರುಗುಳಿ ಅಲಗಿಗೆ ಹತ್ತಿರವಿದ್ದಷ್ಟೂ ಕೈಗೆ ಶ್ರಮ ಕಡಿಮೆ. ದಿನಕ್ಕೆ ಹತ್ತು ವೈರ್ ಕತ್ತರಿಸುವವನಿಗೆ ಇದು ಗೊತ್ತೇ ಆಗುವುದಿಲ್ಲ. ಪ್ಯಾನಲ್ ಬೋರ್ಡ್ ಕೂರಿಸುವವನು ದಿನಕ್ಕೆ ಐನೂರು ಸಲ ಅಮುಕುತ್ತಾನೆ, ಸಂಜೆಗೆ ಅವನ ಮಣಿಕಟ್ಟು ಹೇಳುತ್ತದೆ.

ಗ್ರೂವ್ ಇರುವ ವಾಟರ್ ಪಂಪ್ ಪ್ಲೈಯರಿನಲ್ಲಿ ಕ್ನಿಪೆಕ್ಸ್ ಕೋಬ್ರಾಕ್ಕೆ ಸಾಟಿಯಾಗುವುದು ಕಡಿಮೆ. 250 ಮಿ.ಮೀ.ನದು ಎರಡಿಂಚು ಪೈಪನ್ನೂ 46 ಮಿ.ಮೀ. ನಟ್ಟನ್ನೂ ಹಿಡಿಯುತ್ತದೆ, 25 ಮೆಟ್ಟಿಲಲ್ಲಿ ಅಗಲ ಬದಲಾಗುತ್ತದೆ. ಗುಂಡಿ ಒತ್ತಿ ಪೈಪಿನ ಮೇಲೆ ಕೂರಿಸಿದರೆ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ, ಹಿಡಿಯನ್ನು ಅಮುಕಿ ಹಿಡಿಯಬೇಕಿಲ್ಲ. ಸಾದಾ ಗ್ರೂವ್ ಪ್ಲೈಯರ್ ಭಾರ ಬಿದ್ದಾಗ ಒಂದು ಗ್ರೂವ್ ಹಾರುತ್ತದೆ, ಎರಡು ಹಿಡಿಯ ನಡುವೆ ಅಂಗೈ ಚರ್ಮ ಸಿಕ್ಕಿಕೊಳ್ಳುತ್ತದೆ. ಪ್ಲಂಬಿಂಗ್‌ನವರು ಒಂದೇ ಒಂದು ದುಬಾರಿ ಉಪಕರಣ ಕೊಳ್ಳುವುದಾದರೆ ಇದನ್ನೇ ಕೊಳ್ಳಲಿ.

ಕರೆಂಟಿನ ಕೆಲಸಕ್ಕೆ ಬಂದರೆ ಆಯ್ಕೆಯೇ ಇಲ್ಲ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರಿನಲ್ಲಿ ಇರುವುದು 415 ವೋಲ್ಟು. ಸಾದಾ ಪ್ಲೈಯರಿನ ಹಿಡಿಗೆ ಅದ್ದಿದ ಅಥವಾ ತೊಡಿಸಿದ ಪ್ಲಾಸ್ಟಿಕ್ ಕೈಗೆ ಹಿತವಾಗಲೆಂದು ಇರುವುದು, ಕರೆಂಟ್ ತಡೆಯಲಿಕ್ಕಲ್ಲ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಆ ಕವಚ ಮೆತ್ತಗಾಗಿ ಬೆರಳ ಬೆವರಿಗೆ ಜಾರಿಯೇ ಬರುತ್ತದೆ. ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನಕದ ಸಂಖ್ಯೆ, ಪಕ್ಕದಲ್ಲಿ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಎಂಬ ಅಚ್ಚು, ಮೂರೂ ಉಪಕರಣದ ಮೈಮೇಲೆಯೇ ಇದ್ದರೆ ಮಾತ್ರ ಅದು ಇನ್ಸುಲೇಟೆಡ್. ಅಂಥದ್ದನ್ನು 10,000 ವೋಲ್ಟಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಹೆಚ್ಚಿನವುಗಳಲ್ಲಿ ಹಿಡಿ ಎರಡು ಪದರ, ಎರಡು ಬಣ್ಣ. ಮೇಲಿನದು ಸವೆದು ಒಳಗಿನ ಬಣ್ಣ ಕಂಡಿತೆಂದರೆ ಕರೆಂಟಿನ ಕೆಲಸದಿಂದ ತೆಗೆದುಹಾಕಿ. ಇನ್ಸುಲೇಟೆಡ್ ಇದೆಯೆಂದು ಲೈನ್ ಇದ್ದಂತೆಯೇ ಕೈ ಹಾಕುವುದು ಬೇಡ. ಮೊದಲು ಮೇನ್ ಆಫ್, ಆಮೇಲೆ ಟೆಸ್ಟರ್.

ಅದೇ ಸ್ಟಾರ್ಟರಿನ ಲಗ್ (ವೈರಿನ ತುದಿಗೆ ತೊಡಿಸುವ ಲೋಹದ ತುಂಡು) ಒತ್ತುವ ಕ್ರಿಂಪಿಂಗ್ ಟೂಲಿನಲ್ಲೂ ಮೇಲಿನ ದರ್ಜೆಗೆ ದುಡ್ಡು ಹಾಕಿ. ಪ್ಲೈಯರ್ ಮಾದರಿಯ ಸಾದಾ ಟೂಲಿನಲ್ಲಿ ಒತ್ತಡ ಕೈಯ ಬಲಕ್ಕೆ ತಕ್ಕಂತೆ. ಬೆಳಿಗ್ಗೆ ಒಂದು, ಸಂಜೆ ಒಂದು. ರ‍್ಯಾಚೆಟ್ ಇರುವುದು ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ. ಲಗ್ ಸಡಿಲವಿದ್ದರೆ ಅಲ್ಲಿ ಬಿಸಿ ಏರಿ, ವೈರಿನ ತೊಗಟೆ ಕರಗಿ, ಒಂದು ಫೇಸ್ ಹೋಗಿ ಮೋಟಾರ್ ಸುಟ್ಟುಹೋಗುತ್ತದೆ. ಬೋರ್‌ವೆಲ್ಲಿನಿಂದ ಮೋಟಾರ್ ಮೇಲೆತ್ತಿ ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಖರ್ಚಿನ ಮುಂದೆ ಈ ಟೂಲಿನ ಬೆಲೆ ಎಷ್ಟರದು?

ಸ್ಕ್ರೂ ಡ್ರೈವರ್ ಮತ್ತು ಜೀನ್ಸ್ ಯಂತ್ರ

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದರ್ಜೆಗಿಂತ ತುದಿಯ ಆಕಾರ ಮುಖ್ಯ. ಇಂಡಸ್ಟ್ರಿಯಲ್ ಹೊಲಿಗೆ ಯಂತ್ರದ ಸೂಜಿ ತಟ್ಟೆ, ಹಲ್ಲುಪಟ್ಟಿ, ಪ್ರೆಸರ್ ಫೂಟ್‌ಗಳ ಸ್ಕ್ರೂ ಹೆಚ್ಚಾಗಿ ಒಂದೇ ಗೀರಿನವು. ಗೀರಿನ ಎರಡೂ ಗೋಡೆ ನೆಟ್ಟಗೆ ನಿಂತಿರುತ್ತವೆ. ಸಾದಾ ಡ್ರೈವರಿನ ತುದಿ ಉಳಿಯ ಹಾಗೆ ಇಳಿಜಾರು. ತಿರುಗಿಸುವಾಗ ಅದು ಗೀರಿನ ಮೇಲಂಚನ್ನಷ್ಟೇ ಒತ್ತಿ ಮೇಲಕ್ಕೆ ಏರುತ್ತದೆ, ಅಂಚು ಕಿತ್ತು ಮುಳ್ಳೇಳುತ್ತದೆ, ಆ ಮುಳ್ಳು ಡೆನಿಮ್ ಬಟ್ಟೆಯ ನೂಲನ್ನು ಹಿಡಿದೆಳೆಯುತ್ತದೆ. ಬಟ್ಟೆಯಲ್ಲಿ ನೂಲು ಎದ್ದರೆ ಮೆಕ್ಯಾನಿಕ್ಕುಗಳು ಸೂಜಿಯನ್ನು ಬಯ್ಯುತ್ತಾರೆ. ಎರಡೂ ಬದಿ ಸಮವಾಗಿ ತೆಳ್ಳಗೆ ಅರೆದ ತುದಿ ಇರುವ ಡ್ರೈವರ್ ಗೀರಿನ ತಳದವರೆಗೆ ಇಳಿದು ಇಡೀ ಗೋಡೆಯನ್ನು ತಳ್ಳುತ್ತದೆ. ಗೀರಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವ ಇಂಥ ಮೂರು ಅಳತೆ ಸಾಕು. ಸಿಗದಿದ್ದರೆ ಒಳ್ಳೆಯ ಸಾದಾ ಡ್ರೈವರಿನ ತುದಿಯನ್ನು ಎಣ್ಣೆಕಲ್ಲಿನ ಮೇಲೆ ನಿಧಾನವಾಗಿ ಉಜ್ಜಿ ಅದೇ ಆಕಾರಕ್ಕೆ ತರಬಹುದು. ಗ್ರೈಂಡರಿಗೆ ಹಿಡಿದು ನೀಲಿ ಬಣ್ಣ ಬರಿಸಿದರೆ ಹದ ಹೋಯಿತು.

ಸ್ಟಾರ್ ಸ್ಕ್ರೂಗಳಲ್ಲಿ ಪಿಎಚ್2 (ಫಿಲಿಪ್ಸ್ ಎರಡನೇ ಅಳತೆ) ತುದಿ ಒಂದಿದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಜಪಾನಿ ಮೂಲದ ಬೈಕಿನ ಕೇಸಿಂಗ್ ಸ್ಕ್ರೂಗಳಿಗೆ ಮಾತ್ರ ಜೆಐಎಸ್ (ಜಪಾನಿನ ಮಾನಕ) ತುದಿ ಬೇಕು. ತಲೆಯ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದೇ.

ಅಗ್ಗದ ಚೌಕಟ್ಟು, ದುಬಾರಿ ಬ್ಲೇಡು

ಲೋಹ ಕೊಯ್ಯುವ ಗರಗಸ ಹ್ಯಾಕ್ಸಾದಲ್ಲಿ ಜನ ಉಲ್ಟಾ ಮಾಡುತ್ತಾರೆ, ಫ್ರೇಮ್ ಚೆಂದದ್ದು ಕೊಂಡು ಬ್ಲೇಡ್ ಅಗ್ಗದ್ದು ಹಾಕುತ್ತಾರೆ. ಫ್ರೇಮ್ ಬಾಗದೆ ಬ್ಲೇಡನ್ನು ಬಿಗಿಯಾಗಿ ಎಳೆದು ಹಿಡಿದರೆ ಅದರ ಕೆಲಸ ಮುಗಿಯಿತು. ಬ್ಲೇಡ್ ಬೈಮೆಟಲ್ ಇರಲಿ. ಬೆನ್ನು ಬಾಗುವ ಉಕ್ಕು, ಹಲ್ಲು ಹೈಸ್ಪೀಡ್ ಉಕ್ಕು. ಪೂರ್ತಿ ಗಟ್ಟಿ ಬ್ಲೇಡ್ ಕೈ ಸ್ವಲ್ಪ ಓರೆಯಾದರೂ ಪಟ್ಟನೆ ಮುರಿದು ಮುಖಕ್ಕೆ ಸಿಡಿಯುತ್ತದೆ. ಹಲ್ಲಿನ ಲೆಕ್ಕ ಇಂಚಿಗೆ: ಗಟ್ಟಿ ರಾಡಿಗೆ 18, ಆ್ಯಂಗಲ್ ಮತ್ತು ಪೈಪಿಗೆ 24, ತೆಳು ತಗಡು, ಕಂಡ್ಯೂಟ್ ಪೈಪಿಗೆ 32. ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಕೂತಿರಬೇಕು. 18ರ ಬ್ಲೇಡಿನಲ್ಲಿ ತೆಳು ತಗಡು ಕೊಯ್ದರೆ ತಗಡು ಎರಡು ಹಲ್ಲಿನ ನಡುವೆ ಸಿಕ್ಕಿ ಹಲ್ಲು ಸಾಲಾಗಿ ಉದುರುತ್ತದೆ. ಹಲ್ಲಿನ ಮುಖ ಮುಂದಕ್ಕೆ, ನಿಮಿಷಕ್ಕೆ 50ರ ಸುತ್ತ ಎಳೆತ, ಅವಸರ ಬೇಡ.

ಸುತ್ತಿಗೆ, ಹಾರೆ, ಗುದ್ದಲಿಗಳಿಗೆ ಪ್ರೊಫೆಷನಲ್ ದರ್ಜೆ ಬೇಡವೇ ಬೇಡ. ಟಾಟಾ ಅಗ್ರಿಕೊದಂಥ ಬಡಿದು ಮಾಡಿದ ಮಾಲು ಎಲ್ಲ ಊರಲ್ಲೂ ಸಿಗುತ್ತದೆ. ಸುತ್ತಿಗೆಯಲ್ಲಿ ನಮ್ಮ ಸಮಸ್ಯೆ ತಲೆಯದಲ್ಲ, ಹಿಡಿಯದು: ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿ ತಲೆ ಸಡಿಲಾಗುತ್ತದೆ. ಬಕೆಟ್ ನೀರಿನಲ್ಲಿ ಇಡೀ ರಾತ್ರಿ ನೆನೆಸಿದರೆ ಒಂದೆರಡು ದಿನ ಬಿಗಿ ಇರುತ್ತದೆ, ಆಮೇಲೆ ನಾರು ಇನ್ನಷ್ಟು ಜಜ್ಜಿ ಮೊದಲಿಗಿಂತ ಸಡಿಲ. ಕಬ್ಬಿಣದ ಬೆಣೆ ಹೊಡೆದು, ಹಿಡಿಯ ತುದಿಗೆ ಅಗಸೆ ಎಣ್ಣೆ ಕುಡಿಸಿ. ಸುತ್ತಿಗೆಯ ಮೇಲೆ ಸುತ್ತಿಗೆ ಹೊಡೆಯಬೇಡಿ. ಎರಡೂ ಗಟ್ಟಿ ಮುಖ, ಚೂರು ಹಾರಿ ಕಣ್ಣಿಗೆ ಬೀಳುತ್ತದೆ.

ಚೀಣದಂಥ ಲೋಹದ ಉಳಿಗೆ, ಸಣ್ಣ ಹಾರೆಕೋಲಿಗೆ ಮೂರನೆಯ ದಾರಿಯೂ ಉಂಟು. ಊರಿನ ಕಂಬಾರನ ಕುಲುಮೆಯಲ್ಲಿ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಬಡಿಸಿಕೊಂಡದ್ದು ಅಂಗಡಿಯ ಸಾದಾ ಉಳಿಗಿಂತ ಅಂಚು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಒಂದೇ ಷರತ್ತು, ಹದ ತುದಿಗೆ ಮಾತ್ರ ಕೊಡಿಸಿ. ತಲೆಗೂ ಕೊಟ್ಟರೆ ಏಟಿಗೆ ಸಿಡಿಯುತ್ತದೆ. ಬಳಸುತ್ತಾ ತಲೆ ಅಣಬೆಯ ಹಾಗೆ ಅರಳಿದಾಗ ಅಂಚು ಅರೆದು ತೆಗೆಯಿರಿ.

ಪೈಪ್ ರೆಂಚಿನಲ್ಲಿ ದರ್ಜೆಗಿಂತ ಮೊದಲು ಅಳತೆ. 14 ಇಂಚಿನದು 2 ಇಂಚು ಪೈಪಿನವರೆಗೆ, 18ರದ್ದು ಎರಡೂವರೆ, 24ರದ್ದು 3, 36ರದ್ದು 5. ಇದು ಗರಿಷ್ಠ, ಬೋರ್‌ವೆಲ್ಲಿನ ಎರಡಿಂಚು ಜಿಐ ಪೈಪಿನ ತುಕ್ಕು ಹಿಡಿದ ಕಪ್ಲಿಂಗಿಗೆ 24 ಇಂಚಿನ ಎರಡು ರೆಂಚು ಇಟ್ಟುಕೊಳ್ಳಿ, ಒಂದು ಹಿಡಿಯಲು, ಒಂದು ತಿರುಗಿಸಲು. ಸಾದಾ ದರ್ಜೆ ಸಾಕು, ಆದರೆ ಕೆಳಗಿನ ಹಲ್ಲುಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಹಲ್ಲು ಸವೆದಾಗ ಇಡೀ ರೆಂಚು ಗುಜರಿಗೆ ಹೋಗುವುದು ಇಲ್ಲಿನ ದೊಡ್ಡ ನಷ್ಟ.

ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚು ಎಲ್ಲರಿಗೂ ಬೇಕಿಲ್ಲ. ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್ ಮುಟ್ಟುವವರಿಗೆ ಬೇಕೇ ಬೇಕು. ಐಎಸ್‌ಒ 6789 ಪ್ರಕಾರ, ಗೊತ್ತುಮಾಡಿದ ಬಿಗಿತ ಮುಟ್ಟಿದಾಗ ಕ್ಲಿಕ್ ಎನ್ನುವ ಮಾದರಿಯದು 10 ನ್ಯೂಟನ್ ಮೀಟರ್ ಮೇಲೆ ಶೇ 4ರ ಆಚೀಚೆ ಇರಬೇಕು, 5,000 ಕ್ಲಿಕ್ಕಿಗೆ ಅಥವಾ 12 ತಿಂಗಳಿಗೆ ಮತ್ತೆ ಪರೀಕ್ಷೆ ಆಗಬೇಕು. ಪರೀಕ್ಷೆಯ ಪ್ರಮಾಣಪತ್ರವಿಲ್ಲದ ರೆಂಚು ಎಷ್ಟು ದುಬಾರಿಯಾದರೂ ಬೇಡ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಗುರುತಿಗೆ ಇಳಿಸಿಡಿ, ಅದಕ್ಕೂ ಕೆಳಗೆ ಬಿಚ್ಚಬೇಡಿ. ನಟ್ಟು ಸಡಿಲಿಸಲು ಅದನ್ನು ಬಳಸಲೇಬೇಡಿ.

ಬಿಲ್ಲು, ನಕಲಿ, ಬದಲಿ

ಹೆಸರಾಂತ ಬ್ರ್ಯಾಂಡುಗಳ ನಕಲಿ ಸಂತೆಯಲ್ಲಷ್ಟೇ ಅಲ್ಲ, ಅಂಗಡಿಯಲ್ಲೂ ಇರಬಹುದು. ಹೆಸರಿನ ಕಾಗುಣಿತ ಒಂದಕ್ಷರ ಬೇರೆ, ಅಳತೆಯ ಅಂಕಿ ಮಸುಕು, ಹಿಡಿಯ ಅಂಚಿನಲ್ಲಿ ಅಚ್ಚಿನ ಒರಟು ಗೆರೆ, ಕ್ರೋಮ್ ಲೇಪದಲ್ಲಿ ಗುಳ್ಳೆ, ಇವುಗಳಲ್ಲಿ ಎರಡು ಕಂಡರೆ ಬಿಡಿ. ಕ್ರೋಮ್ ಸಿಪ್ಪೆ ಏಳುವ ಪಾನಾ ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ.

‘ಲೈಫ್‌ಟೈಮ್ ವಾರಂಟಿ’ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಮುರಿದರೆ ಇದೇ ಕೌಂಟರಿನಲ್ಲಿ ಬದಲಿ ಕೊಡುತ್ತೀರೋ, ಕಂಪನಿಗೆ ಕಳಿಸುತ್ತೀರೋ? ಕಳಿಸುವುದಾದರೆ ಕೊಯ್ಲಿನ ಹೊತ್ತಿಗೆ ಅದು ಇದ್ದೂ ಇಲ್ಲದಂತೆ. ಜಿಎಸ್‌ಟಿ ಬಿಲ್ಲಿನಲ್ಲಿ ಬ್ರ್ಯಾಂಡ್ ಹೆಸರು, ಮಾಡೆಲ್ ಸಂಖ್ಯೆ ಬರೆಸಿಕೊಳ್ಳಿ. ‘ಪಾನಾ 1’ ಎಂದಷ್ಟೇ ಇರುವ ಬಿಲ್ಲನ್ನು ಯಾರೂ ಒಪ್ಪುವುದಿಲ್ಲ. ಬಿಲ್ಲಿನ ಅಕ್ಷರ ಬಿಸಿಲಿಗೆ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ, ಅಂದೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬದಲಿಗೆ ಕೊಟ್ಟಾಗ ಅವರು ಮೊದಲು ನೋಡುವುದು ಪಾನಾದ ಬಾಲವನ್ನು. ಅಲ್ಲಿ ಪೈಪ್ ತೂರಿಸಿದ ಉಜ್ಜಿದ ಗೆರೆಯೋ ಸುತ್ತಿಗೆ ಏಟಿನ ತಗ್ಗೋ ಇದ್ದರೆ ವಾರಂಟಿ ಅಲ್ಲಿಗೇ ಮುಗಿಯಿತು.